ಎಡಗಡೆಯ ಗೆರೆ

ಜಿಪುಣರನ್ನು ನಾನು ಇನ್ನು ಮೇಲೆ ಬೈಯುವುದಿಲ್ಲ. ಆ ಭಾನುವಾರ ಬೆಳಗ್ಗೆ ಭಾವನ ಸೈಕಲ್ ಕೊಳ್ಳಲು ಹೊರಟಿದ್ದ ವಕೀಲರು ಜಿಪುಣತನ ಮಾಡದೆ ಇದ್ದಿದ್ದರೆ ನಾನು ಆ ಫೋಟೋವನ್ನು ಮತ್ತೆ ತೆರೆದು ನೋಡುತ್ತಲೇ ಇರಲಿಲ್ಲ.

"ಮೇಡಂ, ಒಂದೇ ಒಂದು ಸಣ್ಣ ಪ್ರಶ್ನೆ" ಎಂದು ಫೋನಿನಲ್ಲಿ ಶುರು ಮಾಡಿದರು. ಅವರ ಸಣ್ಣ ಪ್ರಶ್ನೆ ಎಂದರೆ ಬೆಲೆ ಇಳಿಸುವ ಪ್ರಶ್ನೆ. ಹಳೆಯ ಉಕ್ಕಿನ ರೇಸಿಂಗ್ ಸೈಕಲ್ಲುಗಳನ್ನು ಕೂಡಿಹಾಕುವ ಹುಚ್ಚು ಅವರಿಗೆ. ದುಡ್ಡು ಬಿಚ್ಚುವ ಹೊತ್ತಿಗೆ ಮಾತ್ರ ಹುಚ್ಚು ತಾನಾಗಿ ಇಳಿದುಬಿಡುತ್ತದೆ. "ನಿಮ್ಮ ಭಾವನವರ ಸೈಕಲ್ಲಿನ ಹ್ಯಾಂಡಲ್ ಮೇಲೆ ಉಂಗುರದ ಹಾಗೆ ಕೊರೆದ ಗೆರೆ ಇದೆ, ಅದು ಕಂಪನಿಯದ್ದೇ ಕೆತ್ತನೆ ಅಂತ ಬರೆದಿದ್ದೀರಿ. ಅದೇ ಕಂಪನಿಯ ಇನ್ನೊಂದು ಹ್ಯಾಂಡಲ್ ನನ್ನ ಹತ್ತಿರ ಇದೆ. ಅದರಲ್ಲಿ ಎರಡು ಗೆರೆ. ಎಡಗಡೆ ಒಂದು, ಬಲಗಡೆ ಒಂದು. ನಿಮ್ಮ ಫೋಟೋದಲ್ಲಿ ಎಡಗಡೆ ಮಾತ್ರ ಇದೆ. ಬೇರೆ ಮಾಡೆಲ್ ಏನಾದ್ರೂ ಇರಬಹುದಾ? ಹಾಗಿದ್ರೆ ಬೆಲೆ ಒಂಚೂರು..."

ನನಗೆ ಮೂಗಿನ ತುದಿಯಲ್ಲೇ ಕೋಪ. ಹರಾಜು ಮನೆಯ ಹಿಂದಿನ ಕೋಣೆಯಲ್ಲಿ ಕೂತು ಇಂಥ ಸೈಕಲ್ಲುಗಳಿಗೆ ಬೆಲೆ ಕಟ್ಟುವುದೇ ನನ್ನ ಕೆಲಸ. ಒಂದು ಗೆರೆ ಎಲ್ಲಿರಬೇಕು, ಎಲ್ಲಿರಬಾರದು ಎಂದು ನನಗೇ ಪಾಠ ಹೇಳಲು ಬಂದರೆ ಸುಮ್ಮನಿರುವವಳಲ್ಲ. "ಇರಿ, ಫೋಟೋ ತೆಗೆದು ಇಟ್ಕೊಂಡೇ ಮಾತಾಡ್ತೀನಿ" ಎಂದು ಕಂಪ್ಯೂಟರ್ ಹಾಕಿದೆ. ಅವರ ಬಾಯಿ ಮುಚ್ಚಿಸುವುದು ಬಿಟ್ಟರೆ ನನಗೆ ಬೇರೆ ಉದ್ದೇಶವಿರಲಿಲ್ಲ.

ಕೆಲಸದ ಕಡೆ ನನ್ನನ್ನು ಎಲ್ಲರೂ ಕರೆಯುವುದು 'ಮುಟ್ಬೇಡಿ ಮೇಡಂ' ಎಂದು. ಹಳೆಯ ಸೈಕಲ್ ಕೈಗೆ ಸಿಕ್ಕ ಕೂಡಲೇ ಜನಕ್ಕೆ ಅದನ್ನು ತಿಕ್ಕಬೇಕು, ಬಣ್ಣ ಬಳಿಯಬೇಕು, ಹೊಸ ಸೀಟು ಹಾಕಬೇಕು ಎನ್ನಿಸುತ್ತದೆ. ಮದುವೆ ಹೆಣ್ಣಿನ ಹಾಗೆ ಸಿಂಗರಿಸಿ ತಂದು ನನ್ನ ಮುಂದೆ ನಿಲ್ಲಿಸುತ್ತಾರೆ. ಅರ್ಧ ಬೆಲೆ ಅಲ್ಲೇ ಹೋಯಿತು ಎಂದರೆ ಮುಖ ಸಪ್ಪೆ ಮಾಡಿಕೊಳ್ಳುತ್ತಾರೆ. ಕಾರ್ಖಾನೆಯಿಂದ ಹೊರಬಿದ್ದ ದಿನ ಏನೇನು ಇತ್ತೋ ಅದೆಲ್ಲ ಹಾಗೇ ಇದ್ದರೆ ಮಾತ್ರ ಪೂರ್ತಿ ಬೆಲೆ. ಗೀಚಿರಲಿ, ಮಾಸಿರಲಿ, ಪರವಾಗಿಲ್ಲ, ಮುಟ್ಟಬೇಡಿ. ವರ್ಷಾನುಗಟ್ಟಲೆ ಹೇಳಿ ಹೇಳಿ ಆ ಮಾತು ನನ್ನ ಬಾಯಿಗೆ ಕೂತುಬಿಟ್ಟಿದೆ.

ಭಾವನಿಗೂ ಅದನ್ನೇ ಹೇಳಿದ್ದೆ. ಅಕ್ಕ ಭಾವ ಇರುವುದು ಗುಡ್ಡದ ಆಚೆಯ ಊರಿನಲ್ಲಿ. ಭಾವ ದರ್ಜಿ. ಸೂಟು ಹೊಲಿಯುವುದರಲ್ಲಿ ಎತ್ತಿದ ಕೈ, ತಮ್ಮನ್ನು ತಾವು ಹೊಗಳಿಕೊಳ್ಳುವುದರಲ್ಲಿ ಅದಕ್ಕಿಂತ ಎತ್ತಿದ ಕೈ. ಪ್ರಾಯದಲ್ಲಿ ಒಂದಷ್ಟು ರೇಸುಗಳಿಗೆ ಹೋಗಿದ್ದರು. ಯಾವುದರಲ್ಲೂ ಗೆದ್ದಿರಲಿಲ್ಲ, ಆದರೆ ಕತೆ ಕೇಳಿದವರಿಗೆ ಎಲ್ಲದರಲ್ಲೂ ಗೆದ್ದಿರಬೇಕು ಎನ್ನಿಸುತ್ತಿತ್ತು. ಆ ಸೈಕಲ್ಲಿನಲ್ಲೇ ನಮ್ಮ ಮನೆಯ ಮುಂದೆ ಸುತ್ತು ಹಾಕಿ ಹಾಕಿ ಅಕ್ಕನನ್ನು ಒಪ್ಪಿಸಿದ್ದು. ಮದುವೆಯಾದ ಮೇಲೆ ಅಕ್ಕ ಅದನ್ನು ಸವತಿ ಎಂದೇ ಕರೆಯುತ್ತಿದ್ದಳು. ಈಗ ಮೊಣಕಾಲು ಕೇಳುತ್ತಿಲ್ಲ, ಅಂಗಡಿಯ ಗೋಡೆಗೆ ಸುಮ್ಮನೆ ನೇತುಹಾಕಿ ಏನು ಪ್ರಯೋಜನ, ಬೆಲೆ ಕಟ್ಟು, ಕೊಟ್ಟುಬಿಡೋಣ ಎಂದು ಭಾವನೇ ಫೋಟೋ ಕಳಿಸಿದ್ದರು.

ಬೇರೆಯವರ ಸೈಕಲ್ಲಾಗಿದ್ದರೆ ನಾನು ಹೋಗಿ ಕೈಯಲ್ಲಿ ಮುಟ್ಟಿ, ಉಗುರಿನಿಂದ ತಟ್ಟಿ, ದಾರ ಹಿಡಿದು ಅಳೆದು ನೋಡುತ್ತಿದ್ದೆ. ಇದು ಮನೆಯ ಸೈಕಲ್ಲು, ಕಣ್ಣು ಮುಚ್ಚಿದರೂ ಕಾಣುತ್ತದೆ ಎಂದು ಫೋಟೋ ನೋಡಿಯೇ ವರದಿ ಬರೆದೆ. ಆಗ ಭಾವ ಫೋನಿನಲ್ಲಿ ಒಂದು ಮಾತು ಕೇಳಿದ್ದರು.

"ಹ್ಯಾಂಡಲ್ ಜಗ್ಗಿದ್ರೆ ಟಿಕ್ ಅನ್ನುತ್ತೆ ಕಣೇ. ಬೇರೆ ಹಾಕಿಸಿಬಿಡ್ಲಾ?"

"ಭಾವ, ಆ ಹ್ಯಾಂಡಲ್ ತೆಗೆದ್ರೆ ನನ್ನ ಕೈಲಿ ಒದೆ ತಿಂತೀರ. ಬೆಲೆಯಲ್ಲಿ ಅದರದ್ದೇ ದೊಡ್ಡ ಪಾಲು. ಹಳೇದು, ಟಿಕ್ ಅನ್ನುತ್ತೆ. ನಿಮ್ಮ ಮೊಣಕಾಲು ಅನ್ನಲ್ವಾ?"

ಇಬ್ಬರೂ ನಕ್ಕಿದ್ದೆವು.

ಫೋಟೋ ತೆರೆಯಿತು. ಹ್ಯಾಂಡಲ್ಲನ್ನು ನಡುವೆ ಬಿಗಿಹಿಡಿದಿರುವ ಭಾಗಕ್ಕೆ ನಾವು ಕುತ್ತಿಗೆ ಎನ್ನುತ್ತೇವೆ. ಕುತ್ತಿಗೆಯ ಬಲಗಡೆ ಬೆಳ್ಳಗೆ, ನುಣ್ಣಗೆ ಇತ್ತು. ಕೈ ಹಿಡಿಯುವ ಕಡೆ ಟೇಪು ಸುತ್ತಿರುವುದು ಇನ್ನೂ ಆಚೆ, ಆದ್ದರಿಂದ ಗೆರೆ ಮುಚ್ಚಿಹೋಗಿರುವ ಪ್ರಶ್ನೆಯೇ ಇಲ್ಲ. ಎಡಗಡೆ ಕುತ್ತಿಗೆಗೆ ಅಂಟಿಕೊಂಡಂತೆ ಆ ಗೆರೆ. ದೊಡ್ಡದು ಮಾಡಿದೆ, ಇನ್ನೂ ದೊಡ್ಡದು ಮಾಡಿದೆ. ಯಂತ್ರದಲ್ಲಿ ಕೊರೆದ ಗೆರೆ ನೆಟ್ಟಗಿರುತ್ತದೆ. ಇದು ನೆಟ್ಟಗಿರಲಿಲ್ಲ. ಕೆಳಗಿನಿಂದ ಹೊರಟು, ಒಂದು ಕಡೆ ಚೂರು ಸೊಟ್ಟಗಾಗಿ, ಮೇಲೆ ಬರುತ್ತ ಬರುತ್ತ ಕೂದಲಿಗಿಂತ ಸಣ್ಣಗಾಗಿ ಮಾಯವಾಗಿತ್ತು. ಕೆಳಗಡೆ ಅದರ ಅಂಚಿನಲ್ಲಿ ಕಪ್ಪು ಕೊಳೆ ಒಸರಿದಂತಿತ್ತು.

ಅದು ಕೆತ್ತನೆಯಲ್ಲ, ಬಿರುಕು. ನಾನು ಬಿರುಕಿಗೆ ಬೆಲೆ ಕಟ್ಟಿದ್ದೆ.

ಆ ಸೈಕಲ್ಲಿನ ಚೌಕಟ್ಟು ಉಕ್ಕಿನದು, ಮುರಿಯುವ ಮುಂಚೆ ಬಾಗುತ್ತದೆ, ನರಳುತ್ತದೆ, ಇಳಿದುಬಿಡು ಎಂದು ಹೇಳುತ್ತದೆ. ಹ್ಯಾಂಡಲ್ ಅಲ್ಯುಮಿನಿಯಂ. ಅದಕ್ಕೆ ಆ ಸೌಜನ್ಯವಿಲ್ಲ. ಒಂದು ದಿನ ಟಿಕ್ ಎನ್ನುವುದು ನಿಂತು ಕೈಗೇ ಬಂದುಬಿಡುತ್ತದೆ.

ಸದ್ಯ, ಗೋಡೆಯ ಮೇಲಿದೆಯಲ್ಲ ಎಂದುಕೊಂಡೆ.

"ಹೋಗ್ಲಿ ಬಿಡಿ ಮೇಡಂ," ವಕೀಲರು ಇನ್ನೂ ಫೋನಿನಲ್ಲೇ ಇದ್ದರು, "ಹೇಗೂ ಸೈಕಲ್ಲೇ ಬರ್ತಾ ಇದೆ. ಕಣ್ಣಾರೆ ನೋಡ್ಕೋತೀನಿ."

"ಬರ್ತಾ ಇದೆ ಅಂದ್ರೆ? ಮುಂದಿನ ವಾರ ಅಲ್ವಾ, ವ್ಯಾನಿನಲ್ಲಿ?"

"ನಿಮಗೆ ಹೇಳಿಲ್ವಾ? ಕೊನೇ ಸಲ ನಾನೇ ಗುಡ್ಡ ಹತ್ತಿಳಿಸಿ ತಂದು ಕೊಡ್ತೀನಿ ಅಂದ್ರು ನಿಮ್ಮ ಭಾವ. ಬೆಳಗ್ಗೇನೇ ಹೊರಟಿರಬೇಕು."

ನಾನು ಫೋನ್ ಇಟ್ಟೆನೋ ಬಿಸಾಡಿದೆನೋ ಗೊತ್ತಿಲ್ಲ. ಭಾವನ ನಂಬರಿಗೆ ಮಾಡಿದೆ. ರಿಂಗ್ ಆಯಿತು, ಆಯಿತು, ಆಮೇಲೆ ಯಾರೋ ಎತ್ತಿಕೊಂಡರು. ಜೀವ ಬಂತು.

"ಭಾವ! ಎಲ್ಲಿದ್ದೀರ? ಇಳೀರಿ!"

"ಯಾಕೆ ಕಿರುಚ್ತೀಯ? ನಾನು." ಅಕ್ಕನ ದನಿ. "ಅವರು ಫೋನ್ ಇಲ್ಲೇ ಬಿಟ್ಟು ಹೋಗಿದ್ದಾರೆ. ಆ ಕಾಲದಲ್ಲಿ ಫೋನ್ ಎಲ್ಲಿತ್ತು ಅಂತ. ತಾವೇ ಹೊಲಿದ ಉಣ್ಣೆ ಅಂಗಿ ಹಾಕ್ಕೊಂಡು, ಕನ್ನಡಿ ಮುಂದೆ ನಿಂತು ನಿಂತು ಹೋದ್ರು. ಸವತಿನ ತವರಿಗೆ ಬಿಟ್ಟು ಬನ್ನಿ ಅಂತ ನಾನೇ ಕಳಿಸ್ದೆ. ಯಾಕೆ?"

"ಏನಿಲ್ಲ. ವಕೀಲರು ಏನೋ ಕೇಳಿದ್ರು..."

"ಏನಿಲ್ಲ ಅನ್ನೋ ದನಿನಾ ಅದು?"

ಅಕ್ಕನ ಹತ್ತಿರ ನಾನು ಯಾವತ್ತೂ ಏನನ್ನೂ ಮುಚ್ಚಿಟ್ಟು ಗೆದ್ದವಳಲ್ಲ. ಹೇಳಿದೆ. ಹ್ಯಾಂಡಲ್ ಬಿರುಕು ಬಿಟ್ಟಿದೆ, ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಮೈಭಾರವೆಲ್ಲ ಅದರ ಮೇಲೆ ಬೀಳುತ್ತದೆ, ಆಗ ಮುರಿಯಬಹುದು. ನಾನು ನೋಡಿರಲಿಲ್ಲ, ಈಗ ನೋಡಿದೆ.

ಅಕ್ಕ ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನನಗೆ ಒಳ್ಳೆಯದಿತ್ತು.

"ನೀನು ಆ ಕಡೆಯಿಂದ ಹೋಗು" ಎಂದಳು. "ಏನೇ ಆದ್ರೂ ನೀನೇ ಫೋನ್ ಮಾಡು. ಒಳ್ಳೇದಾದ್ರೂ ಕೆಟ್ಟದಾದ್ರೂ ನೀನೇ ಹೇಳ್ಬೇಕು, ಬೇರೆಯವರ ಕೈಲಿ ಹೇಳಿಸ್ಬೇಡ."

ನನಗೆ ಕಾರು ಓಡಿಸಲು ಬಾರದು. ವಕೀಲರ ಮನೆ ಹಿಂದಿನ ಬೀದಿಯಲ್ಲೇ. ಚಪ್ಪಲಿ ಸಹಿತ ಅವರ ಹಜಾರಕ್ಕೆ ನುಗ್ಗಿ, "ಕಾರು ತೆಗೀರಿ" ಎಂದೆ. ಅವರು ನನ್ನ ಮುಖ ನೋಡಿ ಒಂದು ಮಾತೂ ಕೇಳದೆ ಕೀಲಿ ತಗೊಂಡರು. ಕಾರಿನ ಸೀಟುಗಳಿಗೆ ಅಂಗಡಿಯಲ್ಲಿ ಹಾಕಿದ್ದ ಪ್ಲಾಸ್ಟಿಕ್ ಇನ್ನೂ ಹಾಗೇ ಇತ್ತು. ನಾನು ಕೂತಾಗ ಅದು ಕರಕರ ಸದ್ದು ಮಾಡಿತು.

ದಾರಿಯಲ್ಲಿ ವಿಷಯ ಹೇಳಿದೆ. ವಕೀಲರು ಜೀವನದಲ್ಲಿ ಮೊದಲ ಸಲವೋ ಏನೋ, ಗೇರು ಬದಲಿಸದೆ ಆಕ್ಸಲರೇಟರ್ ಒತ್ತಿದರು. ಎಂಜಿನ್ ಅರಚಿಕೊಂಡಿತು. ಊರು ಮುಗಿದು ಗುಡ್ಡದ ರಸ್ತೆ ಶುರುವಾಯಿತು. ಎದುರಿನಿಂದ ಬರುವ ಪ್ರತಿಯೊಂದನ್ನೂ ಮೈಯೆಲ್ಲ ಕಣ್ಣಾಗಿ ನೋಡುತ್ತಿದ್ದೆ. ಭಾವ ಈಗ ಎಲ್ಲಿರಬಹುದು? ಆಚೆಯ ಏರಿನಲ್ಲಿದ್ದರೆ ಹ್ಯಾಂಡಲ್ ಜಗ್ಗಿ ಜಗ್ಗಿ ತುಳಿಯುತ್ತಿರುತ್ತಾರೆ. ಅಲ್ಲಿ ಮುರಿದರೆ ಮೊಣಕೈ ತರಚೀತು, ಹಲ್ಲು ಹೋದೀತು, ಹೋಗಲಿ. ಅಲ್ಲೇ ಮುರಿಯಲಿ ದೇವರೇ ಎಂದು ಬೇಡಿಕೊಂಡೆ. ಭಾವನ ಹಲ್ಲು ಉದುರಲಿ ಎಂದು ಹರಕೆ ಹೊತ್ತ ನಾದಿನಿ ನಾನೊಬ್ಬಳೇ ಇರಬೇಕು. ತುದಿ ದಾಟಿ ಈ ಕಡೆಗೆ ಇಳಿಯಲು ಶುರು ಮಾಡಿದ್ದರೆ? ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಬರೀ ಗಾಳಿ. ಅದರಾಚೆ ಯೋಚಿಸಲು ನನಗೆ ಧೈರ್ಯ ಬರಲಿಲ್ಲ.

ಒಂದು ತಿರುವಿನಲ್ಲಿ ಜನ ಗುಂಪುಗೂಡಿದ್ದರು. ಲಾರಿಯೊಂದು ಅಡ್ಡಡ್ಡ ನಿಂತಿತ್ತು. ಅದರ ಅಡಿಯಿಂದ ಎರಡು ಬಡಕಲು ಕಾಲುಗಳು ರಸ್ತೆಗೆ ಚಾಚಿಕೊಂಡಿದ್ದವು. ವಕೀಲರು ಬ್ರೇಕ್ ಹಾಕುವ ಮೊದಲೇ ನಾನು ಬಾಗಿಲು ತೆರೆದಿದ್ದೆ. ಓಡಿದೆ. ಓಡುತ್ತ ಬಾಯಲ್ಲಿ ಏನು ಹೇಳುತ್ತಿದ್ದೆನೋ ನನಗೇ ತಿಳಿಯದು. ಕಾಲುಗಳು ಅಲುಗಿದವು. ಅಡಿಯಿಂದ ಮಸಿ ಮೆತ್ತಿದ ಒಂದು ಮುಖ ಹೊರಬಂದು, "ಹದಿನೇಳನೇ ನಂಬರ್ ಸ್ಪ್ಯಾನರ್ ಕೊಡೋ" ಎಂದಿತು. ಮೆಕ್ಯಾನಿಕ್ ಲಾರಿ ರಿಪೇರಿ ಮಾಡುತ್ತಿದ್ದ.

ನಾನು ರಸ್ತೆಯಲ್ಲೇ ಕುಕ್ಕರಿಸಿದೆ. ವಕೀಲರು ಬಂದು ರಟ್ಟೆ ಹಿಡಿದು ಎಬ್ಬಿಸಿದರು. ಸೈಕಲ್ ಮೇಲೆ ಮುದುಕರೊಬ್ಬರು ಇಳಿದು ಹೋದದ್ದನ್ನು ನೋಡಿದ್ದೀರಾ ಎಂದು ಅವರೇ ಕೇಳಿದರು. ಯಾರೂ ನೋಡಿರಲಿಲ್ಲ. ಅಂದರೆ ಭಾವ ಇನ್ನೂ ಮೇಲೇ ಇದ್ದರು.

ಅಲ್ಲಿಂದ ಮುಂದೆ ಎರಡು ತಿರುವು ದಾಟುವಷ್ಟರಲ್ಲಿ ನನಗೆ ಇನ್ನೊಂದು ಹೊಳೆಯಿತು.

"ನಿಲ್ಸಿ" ಎಂದೆ.

"ಇನ್ನೂ ಮೇಲೆ ಹೋಗ್ಬೇಕಲ್ವಾ?"

"ನಿಲ್ಸಿ ಅಂದ್ರೆ ನಿಲ್ಸಿ! ಇಳಿಜಾರಿನಲ್ಲಿ ನಾವು ಎದುರಾದ್ರೆ ಅವರು ಏನು ಮಾಡ್ತಾರೆ? ನಮ್ಮನ್ನ ನೋಡಿ ಗಕ್ಕಂತ ಬ್ರೇಕ್ ಹಾಕ್ತಾರೆ. ಅದಕ್ಕೇ ಮುರಿಯೋದು."

ನಾವು ನಿಂತದ್ದು ಗುಡ್ಡದ ಮಧ್ಯದ ಒಂದು ಕಡೆ. ಅಲ್ಲಿ ಮೇಲಿನಿಂದ ಬರುವ ರಸ್ತೆ ತಿರುವಿನಿಂದ ಹೊರಬಂದು ಸ್ವಲ್ಪ ದೂರ ಸಮನಾಗಿ ಹೋಗುತ್ತದೆ, ಆಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ಒಂದಿಷ್ಟು ಏರಿ, ಮತ್ತೆ ಇಳಿಯುತ್ತದೆ. ಆ ಏರಿನಲ್ಲಿ ಯಾವ ಸೈಕಲ್ಲಿನ ವೇಗವೂ ತಾನಾಗಿಯೇ ಸಾಯುತ್ತದೆ. ಬ್ರೇಕ್ ಮುಟ್ಟದೆ ನಿಲ್ಲಬಹುದಾದ ಜಾಗ ಇಡೀ ರಸ್ತೆಯಲ್ಲಿ ಅದೊಂದೇ. ಕಾರನ್ನು ಪೊದೆಯ ಹಿಂದೆ ಹಾಕಿಸಿದೆ.

"ಮೇಲೇ ಎಲ್ಲಾದ್ರೂ ಬಿದ್ದಿದ್ರೆ?" ವಕೀಲರು ಮೆಲ್ಲಗೆ ಕೇಳಿದರು. "ನಾವಿಲ್ಲಿ ಕಾಯ್ತಾ ನಿಂತು..."

ನನಗೆ ಆ ಯೋಚನೆ ಬಂದಿಲ್ಲವೇ? ಅದೇ ಯೋಚನೆ ತಲೆಯೊಳಗೆ ಗಿರಗಿರ ತಿರುಗುತ್ತಿತ್ತು. ಹೋದರೆ ನಾನೇ ಬೀಳಿಸಬಹುದು, ಹೋಗದಿದ್ದರೆ ಬಿದ್ದವರ ಹತ್ತಿರ ಯಾರೂ ಇಲ್ಲದಂತಾಗಬಹುದು. ಯಾವುದು ಸರಿ ಎಂದು ಈಗ ಕೇಳಿದರೂ ಹೇಳಲಾರೆ. ರಸ್ತೆಯ ಬದಿಯ ಮೋಟುಗೋಡೆಗೆ ಒರಗಿ ನಿಂತೆ. ಕೆಳಗಡೆ ಎಲ್ಲೋ ನೀರು ಹರಿಯುವ ಸದ್ದು. ಒಂದು ಬಸ್ಸು ಇಳಿದು ಬಂತು, ಹೋಯಿತು. ಒಂದು ಮೋಟಾರು ಬೈಕು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಆ ಏನೂ ಇಲ್ಲದ ರಸ್ತೆಯನ್ನು ನೋಡುವುದು ನನ್ನಿಂದಾಗಲಿಲ್ಲ. ಕಣ್ಣು ಮುಚ್ಚಿದರೆ ಆ ಗೆರೆ ಕಾಣುತ್ತಿತ್ತು, ಕಣ್ಣು ಬಿಟ್ಟರೆ ತಿರುವು. ವಕೀಲರು ಕಾರಿನ ಹತ್ತಿರ ಹೋಗುವುದು, ವಾಪಸು ಬರುವುದು ಮಾಡುತ್ತಿದ್ದರು.

"ಸಾಕು, ಹೋಗೋಣ ಮೇಲೆ" ಎಂದು ನಾನು ಬಾಯಿ ತೆರೆದದ್ದೇ ತಡ, ಮೇಲಿನ ತಿರುವಿನಲ್ಲಿ ನೀಲಿ ಬಣ್ಣದ ಏನೋ ಮಿಂಚಿತು.

ಭಾವ. ಬೆನ್ನು ಬಗ್ಗಿಸಿ, ಹ್ಯಾಂಡಲ್ಲಿನ ಕೆಳಕ್ಕೆ ಬಾಗಿದ ತುದಿಗಳಿಗೆ ಎರಡೂ ಕೈ ಹಾಕಿ, ಹುಡುಗನ ಹಾಗೆ ತಿರುವನ್ನು ಕೊಯ್ದುಕೊಂಡು ಬರುತ್ತಿದ್ದರು. ಚಕ್ರದ ಸುಂಯ್ ಎನ್ನುವ ಸದ್ದು ನಮ್ಮವರೆಗೂ ಕೇಳಿಸುತ್ತಿತ್ತು. ವಕೀಲರು ಎರಡೂ ಕೈ ಮೇಲೆತ್ತಿ ಕೂಗಲು ಹೊರಟರು. ಅವರ ಅಂಗಿಯ ಕೊರಳಪಟ್ಟಿ ಹಿಡಿದು ಹಿಂದಕ್ಕೆ ಎಳೆದೆ.

"ಕೂಗಬೇಡಿ. ನಗಿ."

"ಹಾಂ?"

"ನಗಿ ಅಂದೆ!"

ರಸ್ತೆಯ ಏರು ಮುಗಿಯುವ ಕಡೆಗೆ ಹೋಗಿ ನಿಂತೆ. ಮೊಬೈಲ್ ತೆಗೆದು ಕಣ್ಣಿನ ಮುಂದೆ ಹಿಡಿದೆ. ನಕ್ಕೆ. ಆ ನಗು ಹೇಗಿತ್ತೋ, ಇವತ್ತಿಗೂ ನನ್ನ ದವಡೆಗೆ ನೆನಪಿದೆ.

"ಭಾವಾ! ಫೋಟೋ! ನಿಧಾನಕ್ಕೆ ಬನ್ನಿ, ಚೆನ್ನಾಗಿ ಬರ್ಲಿ!"

ಅವರು ತಲೆ ಎತ್ತಿದರು. ನನ್ನನ್ನು ಕಂಡು ಮುಖವೆಲ್ಲ ಅರಳಿತು. ಫೋಟೋ ಎಂದರೆ ಭಾವನಿಗೆ ಮೊದಲಿನಿಂದಲೂ ಪ್ರಾಣ. ಬೆನ್ನು ನೆಟ್ಟಗೆ ಮಾಡಿದರು. ಆಮೇಲೆ ಬಲಗೈ ಬಿಟ್ಟು, ಎತ್ತಿ, ರಾಜನ ಹಾಗೆ ನನ್ನತ್ತ ಬೀಸಿದರು.

ಮೈಭಾರವೆಲ್ಲ ಎಡಗೈ ಮೇಲೆ ಬಿತ್ತು. ಗೆರೆಯಿದ್ದ ಕಡೆ.

ನಾನು ನಗುತ್ತಲೇ ನಿಂತೆ. ಮೊಬೈಲಿನ ಪರದೆಯಲ್ಲಿ ಭಾವ ದೊಡ್ಡವರಾಗುತ್ತ ಬಂದರು. ಸಮನಾದ ರಸ್ತೆ ಮುಗಿಯಿತು, ಏರು ಶುರುವಾಯಿತು. ಚಕ್ರದ ಸದ್ದು ಇಳಿಯಿತು. ಭಾವ ಇನ್ನೂ ಕೈ ಬೀಸುತ್ತಲೇ ಇದ್ದರು. ಇಳಿಸಿ ಆ ಕೈ, ಇಳಿಸಿ ಎಂದು ಒಳಗೊಳಗೇ ಕಿರುಚುತ್ತಿದ್ದೆ. ಸೈಕಲ್ ನಡೆಯುವವರ ವೇಗಕ್ಕೆ ಬಂತು, ಒಂದು ಸಲ ಹೊಯ್ದಾಡಿತು. ನಾನು ಮೊಬೈಲ್ ಬಿಟ್ಟು ಹಾರಿ ಅವರ ಅಂಗಿಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡೆ.

"ಇಳಿ! ಇಳಿ ಕೆಳಗೆ!"

ಹುಟ್ಟಿದಾರಭ್ಯ ಭಾವನನ್ನು ನಾನು ಏಕವಚನದಲ್ಲಿ ಕರೆದವಳಲ್ಲ. ಅವರು ಗಾಬರಿಯಾಗಿ ಇಳಿದರು. "ಉಣ್ಣೆ ಅಂಗಿ ಕಣೇ, ಹರಿಯುತ್ತೆ! ಏನಾಯ್ತು ನಿಂಗೆ?"

ಹ್ಯಾಂಡಲ್ ತೋರಿಸಿದೆ. ವಕೀಲರೇ ಬಿರುಕು ಎಂದರು.

"ಟಿಕ್ ಟಿಕ್ ಅಂತಾನೇ ಇತ್ತು," ಭಾವ ಹೇಳಿದರು, "ಮೇಲೆ ತಿರುವಿನಿಂದ ಈಚೆಗೆ ನಿಂತಿದೆ. ಸದ್ಯ ಸರಿಹೋಯ್ತಲ್ಲ ಅಂದ್ಕೊಂಡೆ. ಬಿರುಕು ಗಿರುಕು ಏನಿಲ್ಲ, ನೀನೇ ತಾನೇ ಮುಟ್ಬೇಡಿ ಅಂದಿದ್ದು?"

ನಾನು ಸೈಕಲ್ಲನ್ನು ಗೋಡೆಗೆ ಒರಗಿಸಿ, ಎಡಗಡೆಯ ಹಿಡಿಯ ಮೇಲೆ ಅಂಗೈ ಇಟ್ಟು ಕೆಳಕ್ಕೆ ಒತ್ತಿದೆ. ಬಾಗಿಲಿನ ಚಿಲಕ ಒತ್ತುವಷ್ಟು ಬಲವೂ ಬೇಕಾಗಲಿಲ್ಲ. ಅದು ಸದ್ದಿಲ್ಲದೆ ಮುರಿದು, ಬ್ರೇಕಿನ ತಂತಿಗೆ ಜೋತಾಡತೊಡಗಿತು. ಮುರಿದ ಬಾಯಿ ಪೂರ್ತಿ ಕಪ್ಪಗಿತ್ತು. ಎಷ್ಟೋ ಕಾಲದಿಂದ ಬಿಟ್ಟುಕೊಂಡಿದ್ದ ಬಿರುಕು. ಮೇಲ್ಗಡೆ ಅಂಚಿನಲ್ಲಿ ಮಾತ್ರ ಕತ್ತರಿಸಿ ಎಸೆದ ಉಗುರಿನಷ್ಟು ಜಾಗ ಬೆಳ್ಳಗೆ ಹೊಳೆಯುತ್ತಿತ್ತು. ಗುಡ್ಡದ ಮೇಲಿನಿಂದ ಇಲ್ಲಿಯವರೆಗೆ ಭಾವನನ್ನು ಹಿಡಿದುಕೊಂಡು ಬಂದದ್ದು ಅಷ್ಟೇ.

ಭಾವ ಅದನ್ನು ನೋಡಿದರು. ಆಮೇಲೆ ತಾವು ಇಳಿದು ಬಂದ ರಸ್ತೆಯನ್ನು ನೋಡಿದರು. ಮೋಟುಗೋಡೆಯ ಮೇಲೆ ಕೂತರು. ವಕೀಲರು ಬೆಲೆಯ ಮಾತೆತ್ತಲಿಲ್ಲ. ಕಾರಿನಿಂದ ನೀರಿನ ಬಾಟಲಿ ತಂದು ಅವರ ಕೈಗೆ ಕೊಟ್ಟು, ಕುಡಿಯುವವರೆಗೆ ಪಕ್ಕದಲ್ಲೇ ನಿಂತರು.

ನನಗೆ ಅಕ್ಕ ನೆನಪಾದಳು. ಬಿದ್ದಿದ್ದ ಮೊಬೈಲನ್ನು ಹುಡುಕಿ ತೆಗೆದೆ. ಎರಡು ಸಲ ತಪ್ಪು ಒತ್ತಿದೆ. ಮೊದಲ ರಿಂಗಿಗೇ ಎತ್ತಿಕೊಂಡಳು.

"ಹೇಳು" ಎಂದಳು.

ಇದ್ದಾರೆ ಎಂದು ಹೇಳಬೇಕಿತ್ತು. ಒಂದೇ ಒಂದು ಪದ. ಬಾಯಿ ತೆರೆದೆ. ಬಂದದ್ದು ಮಾತಲ್ಲ, ಅಳು. ತಡೆಯಲು ನೋಡಿದಷ್ಟೂ ಬಿಕ್ಕಿ ಬಿಕ್ಕಿ ಬಂತು.

ಆ ಕಡೆ ಅಕ್ಕ ಕೂಗಿದಳು. ಅಪ್ಪ ಹೋದಾಗ, ಅಮ್ಮ ಹೋದಾಗಲೂ ನಾನು ಕೇಳಿರದ ಕೂಗು. ಅದು ಫೋನಿನಿಂದ ಹೊರಗೆ ಬಂದು ರಸ್ತೆಯಲ್ಲೆಲ್ಲ ಕೇಳಿಸಿತು. "ನಾನೇ ಕಳಿಸಿದ್ನಲ್ರೀ... ಬೇಡ ಅನ್ಬೇಕಿತ್ತು, ನಾನೇ ಕಳಿಸಿದ್ನಲ್ರೀ..."

ಇಲ್ಲ ಅಕ್ಕಾ, ಇಲ್ಲ ಅಕ್ಕಾ ಎಂದು ನಾನು ಅಳುತ್ತಲೇ ಅರಚಿದೆ. ಅವಳ ಕಿವಿಗೆ ಅದು ಬೇರೆಯದೇ ಆಗಿ ಕೇಳಿಸಿರಬೇಕು. ಭಾವ ಎದ್ದು ಬಂದು ನನ್ನ ಕೈಯಿಂದ ಫೋನ್ ತಗೊಂಡರು. ಕಿವಿಗಿಟ್ಟುಕೊಂಡರು. ಮಾತಿನ ಮಲ್ಲ ನಮ್ಮ ಭಾವ, ತಮಗಾಗಿ ಹೆಂಡತಿ ಅಳುವುದನ್ನು ಕೇಳುತ್ತ ಸುಮ್ಮನೆ ನಿಂತರು.

"ನಾನು ಕಣೇ" ಎಂದರು ಕೊನೆಗೆ. "ಇದ್ದೀನಿ."

ಆ ಕಡೆ ಅಳು ನಿಂತಿತು.

"ಇನ್ನೊಂದು ಸಲ ಹೇಳಿ" ಎಂದಳು ಅಕ್ಕ.